ಮದೀರಾದ ಪೀಪಾಯಿ, ಬಳ್ಳಾರಿಯ ಮೆಣಸಿನಕಾಯಿ

ಬಳ್ಳಾರಿಯ ಬೇಸಿಗೆಯನ್ನು ಕಂಡವರಿಗೆ ಪೀಪಾಯಿಯ ಬೆಲೆ ಗೊತ್ತು. ಮೇ ತಿಂಗಳಲ್ಲಿ ಕೋಟೆಯ ಬಂಡೆ ಕಾದ ಹೆಂಚಿನಂತಾಗುತ್ತದೆ. ಬೀದಿಗಳಲ್ಲಿ ಬಿಸಿಗಾಳಿ ಸುಳಿಯುತ್ತದೆ. ಹಿತ್ತಿಲಲ್ಲಿ ನೀರು ತುಂಬಿದ ಪೀಪಾಯಿಯೊಂದಿದ್ದರೆ ಮನೆಯಾಕೆಗೆ ಅರ್ಧ ಚಿಂತೆ ಕಳೆದಂತೆ. ಮದುವೆಯ ಚಪ್ಪರಕ್ಕೆ ಪೀಪಾಯಿ, ಮನೆ ಕಟ್ಟುವಲ್ಲಿ ಪೀಪಾಯಿ, ರಸ್ತೆಗೆ ಸುರಿಯುವ ಡಾಂಬರಿಗೂ ಪೀಪಾಯಿ. ಇಷ್ಟೊಂದು ಬಳಕೆಯ ಮಾತು ನಮ್ಮದೇ ಎಂದು ಯಾರಾದರೂ ಭಾವಿಸಿದರೆ ತಪ್ಪೆನ್ನಲಾಗದು. ಆದರೆ ಈ ಮಾತಿನ ತವರು ಪೋರ್ಚುಗಲ್. ಆ ದೇಶದವರು ದೊಡ್ಡ ಮರದ ಪಾತ್ರೆಗೆ ‘ಪೀಪಾ’ ಎನ್ನುತ್ತಾರೆ. ಅದರಲ್ಲಿ ಅವರು ತುಂಬಿ ಕಡಲು ದಾಟಿಸಿದ ಸರಕುಗಳಲ್ಲಿ ಮುಖ್ಯವಾದುದು ನೀರಲ್ಲ, ದ್ರಾಕ್ಷಾರಸ.

ಮಾತು ನಮ್ಮಲ್ಲಿ ಉಳಿಯಿತು; ಅದರೊಳಗಿನ ರಸ ಬಂದ ದಾರಿಯಲ್ಲೇ ಹೋಯಿತು. ಪೋರ್ಚುಗೀಸರ ಹಡಗುಗಳಲ್ಲೇ ಬಂದ ಇನ್ನೊಂದು ವಸ್ತು ಮಾತ್ರ, ಯಾವ ದೊರೆಯ ಮೇಜಿನ ಮೇಲೂ ಮರ್ಯಾದೆ ಬೇಡದೆ, ನಮ್ಮ ರೊಟ್ಟಿಯ ಪಕ್ಕದಲ್ಲಿ ಕುಳಿತುಬಿಟ್ಟಿತು. ಅದು ಮೆಣಸಿನಕಾಯಿ. ಒಂದು ಏಕೆ ಹೋಯಿತು, ಇನ್ನೊಂದು ಏಕೆ ಉಳಿಯಿತು ಎಂದು ವಿಚಾರಿಸಿದರೆ ಬಳ್ಳಾರಿ ಸೀಮೆಯ ನಾಲ್ಕೈದು ಶತಮಾನಗಳ ಊಟದ ಚರಿತ್ರೆಯೇ ಕಣ್ಣಿಗೆ ಕಟ್ಟುತ್ತದೆ.

ದ್ರಾಕ್ಷಿ ಇತ್ತು, ಮೆಣಸಿನಕಾಯಿ ಇರಲಿಲ್ಲ

2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗುವವರೆಗೂ ಹಂಪಿ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಅಲ್ಲಿಗೆ ಪೋರ್ಚುಗೀಸರು ಬಂದದ್ದು ಕುದುರೆಗಳ ನಿಮಿತ್ತ. 1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಗೆದ್ದುಕೊಂಡ; ಅರಬ್ಬಿ ದೇಶದ ಕುದುರೆಗಳು ಆ ಬಂದರಿನಲ್ಲಿಳಿದು ಘಟ್ಟ ಹತ್ತಿ ಕೃಷ್ಣದೇವರಾಯನ ಲಾಯ ಸೇರತೊಡಗಿದವು. ಕುದುರೆಯ ಹಿಂದೆ ವ್ಯಾಪಾರಿಗಳು, ವ್ಯಾಪಾರಿಗಳ ಹಿಂದೆ ಬಂದೂಕಿನ ಭಟರು ಬಂದರು. 1520ರ ರಾಯಚೂರು ಕಾಳಗದಲ್ಲಿ ರಾಯನ ಪಕ್ಷದಲ್ಲಿ ಕೆಲವು ಪೋರ್ಚುಗೀಸರು ಹೋರಾಡಿದರು. ಅದೇ ಸುಮಾರಿಗೆ ರಾಜಧಾನಿಯನ್ನು ನೋಡಿದವನು ದೊಮಿಂಗೊ ಪಾಯಿಸ್. ಅವನ ಬರಹವೂ ಅವನ ನಂತರ ಬಂದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜನ ಬರಹವೂ ಶತಮಾನಗಳ ಕಾಲ ಯಾರ ಕಣ್ಣಿಗೂ ಬೀಳದೆ ಇದ್ದು, 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದುವು. 1900ರಲ್ಲಿ ಮದರಾಸು ಸಿವಿಲ್ ಸರ್ವಿಸಿನ ರಾಬರ್ಟ್ ಸೀವೆಲ್ ಅವನ್ನು ಇಂಗ್ಲಿಷಿಗೆ ತಂದ ಮೇಲೆಯೇ ನಮಗೆ ನಮ್ಮ ಪೇಟೆಯ ವರ್ಣನೆ ದೊರಕಿತು.

ಪಾಯಿಸ್ ಊರೂರು ಸುತ್ತಿದ ಕಣ್ಣಿನವನು, ಸಂತೆಯನ್ನು ಬಿಡುವವನಲ್ಲ. ಅವನ ಲೆಕ್ಕದಲ್ಲಿ ಒಂದು ಪಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಹತ್ತು ದಾಳಿಂಬೆ. ನಿಂಬೆ, ಕಿತ್ತಳೆ, ಹಲಸು, ಮಾವು ಯಾವುದಕ್ಕೂ ಬರವಿಲ್ಲ. ದ್ರಾಕ್ಷಿ ಬೆಳೆಯುವ ನೆಲವಿತ್ತು, ಕೊಳ್ಳುವ ಜನವಿತ್ತು. ದ್ರಾಕ್ಷಿಯ ಆಸವವನ್ನು ನಮ್ಮ ವೈದ್ಯಶಾಸ್ತ್ರ ಬಲ್ಲದು. ಆದರೂ ದ್ರಾಕ್ಷಿಯನ್ನು ಹಿಂಡಿ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಹುದುಗಿಟ್ಟು, ಊಟದ ಒಂದೊಂದು ಬಡಿಸಣೆಗೂ ಒಂದೊಂದು ರಸ ಎಂದು ಹೊಂದಿಸುವ ಪದ್ಧತಿ ಇಲ್ಲಿ ಬೇರೂರಲಿಲ್ಲ. ಗೊಂಚಲನ್ನು ಹಾಗೆಯೇ ತಿನ್ನುತ್ತಿದ್ದ ನಾಡಿದು. ಮದ್ಯ ಬೇಕಾದವನಿಗೆ ಈಚಲಮರ ಹತ್ತಿರದಲ್ಲೇ ಇತ್ತು.

ಇನ್ನು ಖಾರದ ಮಾತು. 1508ರ ಸುಮಾರಿನಲ್ಲಿದ್ದ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ಬರೆದ. ಅಡುಗೆಯನ್ನೇ ವಿಷಯವಾಗಿ ಹಿಡಿದ ಆ ಗ್ರಂಥದಲ್ಲಿ ಮೆಣಸುಂಟು, ಇಂಗುಂಟು, ಮೆಣಸಿನಕಾಯಿ ಇಲ್ಲ. ಇರುವುದಾದರೂ ಹೇಗೆ? ಆ ಗಿಡ ಅಮೆರಿಕದ್ದು. ಪೋರ್ಚುಗೀಸರ ಹಡಗುಗಳ ಮೂಲಕ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂದದ್ದು ಆ ಶತಮಾನದಲ್ಲಿ. ಕೃಷ್ಣದೇವರಾಯನ ಅರಮನೆಯ ಸಾರಿಗೆ ಖಾರ ಕೊಟ್ಟದ್ದು ಘಟ್ಟದ ಕರಿಮೆಣಸು. ವಿಜಯನಗರಕ್ಕೂ ಮೊದಲು ಸಿಂದ ಅರಸರು ಆಳಿದ ಕುರುಗೋಡಿನಲ್ಲೂ, ತುಂಗಭದ್ರೆಯ ದಡದ ಸಿರುಗುಪ್ಪದಲ್ಲೂ ಹಳೆಯ ಕಾಲದ ಒಕ್ಕಲಿಗ ಇಂದಿನ ಕೆಂಪು ಚಟ್ನಿಯನ್ನು ಕಂಡವನಲ್ಲ. ಹೊಸ ಕಾಯಿಗೆ ನಮ್ಮವರು ಹೊಸ ಹೆಸರನ್ನು ಹುಡುಕಲೂ ಹೋಗಲಿಲ್ಲ. ಮೆಣಸಿನಂತೆ ಉರಿಯುವ ಕಾಯಿ ಮೆಣಸಿನಕಾಯಿ ಎಂದರು. ಪರದೇಶಿಯನ್ನು ಮನೆಯ ಹೆಸರಿನಿಂದಲೇ ಕರೆದರೆ ಅವನು ಮನೆಯವನಾಗಲು ಎಷ್ಟು ಹೊತ್ತು?

ಬಿಸಿಲಿನಲ್ಲಿ ಹಣ್ಣಾದ ರಸ

ಪೀಪಾಯಿಯೊಳಗಿನ ರಸದ ಕಥೆ ಬೇರೆ. ಪೋರ್ಚುಗಲ್ಲಿನ ಮದ್ಯಗಳಲ್ಲಿ ನಮ್ಮ ದೇಶದೊಡನೆ ವಿಶೇಷ ನಂಟುಳ್ಳದ್ದು ಮದೀರಾ. ಹೆಸರು ಕೇಳಿದೊಡನೆ ಸಂಸ್ಕೃತ ಬಲ್ಲವರಿಗೆ ‘ಮದಿರಾ’ ನೆನಪಾಗಿ ನಗು ಬರಬಹುದು. ಆದರೆ ಈ ಹೋಲಿಕೆ ಕಾಕತಾಳೀಯ. ಪೋರ್ಚುಗೀಸರ ನುಡಿಯಲ್ಲಿ ಆ ಶಬ್ದಕ್ಕೆ ಮರ, ನಾಟಾ ಎಂದರ್ಥ. ಆಫ್ರಿಕದ ವಾಯವ್ಯಕ್ಕೆ ಅಟ್ಲಾಂಟಿಕ್ ಸಾಗರದಲ್ಲಿರುವ ಆ ದ್ವೀಪವನ್ನು ಪೋರ್ಚುಗೀಸ್ ನಾವಿಕರು 1419ರ ಸುಮಾರಿಗೆ ತಲಪಿದಾಗ ಅಲ್ಲೆಲ್ಲ ದಟ್ಟವಾದ ಕಾಡು. ಕಾಡನ್ನು ಕಡಿದು ಸುಟ್ಟು ಮೊದಲು ಕಬ್ಬು ಹಾಕಿದರು. ದುಡಿಯಲು ಆಫ್ರಿಕದ ಗುಲಾಮರನ್ನು ತಂದರು. ಬ್ರೆಜಿಲ್ಲಿನ ಸಕ್ಕರೆ ಅಗ್ಗವಾಗಿ ಬಂದು ಕಬ್ಬು ಸೊರಗಿದ ಮೇಲೆ ದ್ರಾಕ್ಷಿಯೇ ದ್ವೀಪದ ಬಾಳುವೆಯಾಯಿತು.

ಭಾರತಕ್ಕೆ ಹೊರಟ ಹಡಗುಗಳಿಗೆ ಈ ದ್ವೀಪದ ಫುಂಚಾಲ್ ಪಟ್ಟಣ ಒಂದು ತಂಗುದಾಣ. ಅಲ್ಲಿ ಅವು ನೀರನ್ನೂ ತರಕಾರಿಯನ್ನೂ ತುಂಬಿಕೊಳ್ಳುತ್ತಿದ್ದವು, ಜೊತೆಗೆ ಪೀಪಾಯಿಗಳನ್ನು. ಮದೀರಾದ ಒಂದು ಪೀಪಾಯಿ ಎಂದರೆ ಸುಮಾರು 418 ಲೀಟರು. ರಸ ದಾರಿಯಲ್ಲಿ ಕೆಡಬಾರದೆಂದು ಹದಿನೆಂಟನೆಯ ಶತಮಾನದಲ್ಲಿ ಅದಕ್ಕೆ ಬ್ರಾಂದಿಯನ್ನು ಬೆರೆಸುವ ರೂಢಿ ಬಂತು. ಅಲ್ಲಿಂದ ಹಡಗು ಭೂಮಧ್ಯರೇಖೆಯನ್ನು ದಾಟಿ, ಗುಡ್‌ಹೋಪ್ ಭೂಶಿರವನ್ನು ಬಳಸಿ, ಮತ್ತೆ ರೇಖೆಯನ್ನು ದಾಟಿ ಭಾರತಕ್ಕೆ ಬರಬೇಕು. ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ಬೇಗೆ, ಕುಲುಕಾಟ. ಬೇರೆ ಯಾವ ದ್ರಾಕ್ಷಾರಸವಾದರೂ ಹುಳಿಯಾಗಿ ಹೋಗಬೇಕು. ಆದರೆ ಮದೀರಾ ಕೆಡಲಿಲ್ಲ, ಉತ್ತಮವಾಯಿತು! ಮಾರಾಟವಾಗದೆ ಹಿಂತಿರುಗಿದ ಪೀಪಾಯಿಗಳನ್ನು ತೆರೆದು ನೋಡಿದಾಗ ರಸ ಕಂದುಬಣ್ಣಕ್ಕೆ ತಿರುಗಿ, ಹುರಿದ ಬಾದಾಮಿಯ, ಕಾಯಿಸಿದ ಬೆಲ್ಲದ ಪಾಕದ ವಾಸನೆಯನ್ನು ಪಡೆದಿತ್ತು. ವ್ಯಾಪಾರಿಗಳು ಬಿಟ್ಟಾರೆಯೇ? ಪೀಪಾಯಿಗಳನ್ನು ಬೇಕೆಂದೇ ಭಾರತಕ್ಕೆ ಕಳುಹಿಸಿ ಮರಳಿ ತರಿಸತೊಡಗಿದರು. ಹೀಗೆ ಸುತ್ತಿ ಬಂದ ಮದ್ಯಕ್ಕೆ ಪೋರ್ಚುಗೀಸರು ‘ಸುತ್ತಾಟದ ಮದ್ಯ’ ಎಂಬರ್ಥದ ಹೆಸರನ್ನೇ ಇಟ್ಟರು. ಇಂಗ್ಲೆಂಡಿನಲ್ಲಿ ಅದಕ್ಕೆ ಹೆಚ್ಚಿನ ಬೆಲೆ.

ಪ್ರಯಾಣದ ಖರ್ಚನ್ನು ಉಳಿಸಲು ಮುಂದೆ ದ್ವೀಪದಲ್ಲೇ ಬಿಸಿಕೋಣೆಗಳನ್ನು ಕಟ್ಟಿದರು. ಇಂದಿಗೂ ಸಾಮಾನ್ಯ ಮದೀರಾವನ್ನು 45ರಿಂದ 50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೂರು ತಿಂಗಳು ಇಡುತ್ತಾರೆ. ಮೇಲು ದರ್ಜೆಯದನ್ನು ಅಟ್ಟದ ಮೇಲೆ ಸೂರ್ಯನ ಕಾವಿನಲ್ಲಿ ವರ್ಷಗಟ್ಟಲೆ ಬಿಡುತ್ತಾರೆ. ಮೇ ತಿಂಗಳಲ್ಲಿ 40 ಡಿಗ್ರಿಯನ್ನು ಸಲೀಸಾಗಿ ದಾಟುವ ಬಳ್ಳಾರಿಯವರಿಗೆ ಈ ವಿದ್ಯೆ ಹೊಸದೆನಿಸದು. ನಮ್ಮ ಮಾವಿನ ಉಪ್ಪಿನಕಾಯಿ ಜಾಡಿಯೂ ಬಿಸಿಲಿನಲ್ಲೇ ಪಕ್ವವಾಗುವುದು.

ದಂಡಿನ ಮೇಜು

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತಮಂಡಲವೆಂಬ ಹೆಸರು ಬಂದದ್ದು ಹಾಗೆ. ಬಳ್ಳಾರಿಯಲ್ಲಿ ಕಂಪನಿಯ ದಂಡು ನೆಲೆಯೂರಿತು. ದಂಡಿನೊಡನೆ ಬಿಳಿಯ ಅಧಿಕಾರಿಗಳೂ ಅವರ ಮೇಜುವಾನಿಯೂ ಬಂದುವು. ಆ ಕಾಲದ ಮದರಾಸು ಸೈನ್ಯದ ಭೋಜನಶಾಲೆಗಳಲ್ಲಿ ಪ್ರಧಾನ ಪಾನೀಯ ಮದೀರಾ. ಬಳ್ಳಾರಿಯಂಥ ಒಳನಾಡಿಗೆ ಅದಕ್ಕಿಂತ ತಕ್ಕದ್ದು ಬೇರೆ ಇರಲಿಲ್ಲ. ಮದರಾಸಿನಲ್ಲಿ ಆಗ ಹಡಗುಕಟ್ಟೆಯಿಲ್ಲ. ಸಾಮಾನೆಲ್ಲ ಮಸೂಲಾ ದೋಣಿಗಳಲ್ಲಿ ಅಲೆಗಳ ಮೇಲೆ ಹಾರಾಡಿ ದಡ ಸೇರಬೇಕು. ಅಲ್ಲಿಂದ ಕಡಪ, ಗುತ್ತಿಗಳ ಮಾರ್ಗವಾಗಿ ಸುಮಾರು ಮುನ್ನೂರು ಮೈಲಿ ಎತ್ತಿನ ಗಾಡಿಯ ಪ್ರಯಾಣ. ಫ್ರಾನ್ಸಿನ ನಾಜೂಕಿನ ಮದ್ಯ ಈ ಬಿಸಿಲನ್ನೂ ಕುಲುಕಾಟವನ್ನೂ ತಾಳಲಾರದು. ಸಮುದ್ರದಲ್ಲಿ ಬೆಂದು ಬಂದ ಮದೀರಾಕ್ಕೆ ಇದು ಮನೆಯ ಅಂಗಳದಂತೆ.

ದೊರೆಗಳ ಮನೆಯಲ್ಲಿ ಪಾನೀಯವನ್ನು ತಣಿಸುವುದಕ್ಕೆಂದೇ ‘ಆಬ್ದಾರ’ನೆಂಬ ಪರಿಚಾರಕನಿರುತ್ತಿದ್ದ. ಮಂಜುಗಡ್ಡೆ ಕಾಣದ ಆ ದಿನಗಳಲ್ಲಿ ಅವನು ಪೆಟ್ಲುಪ್ಪನ್ನು ನೀರಿನಲ್ಲಿ ಕರಗಿಸಿ, ಆ ತಂಪಿನಲ್ಲಿ ಸೀಸೆಯನ್ನು ತಿರುಗಿಸುತ್ತ ಕೂರಬೇಕು. ಕುಡಿಯುವವನಿಗೆ ಒಂದು ಗುಟುಕು. ತಣಿಸುವವನಿಗೆ ಅರ್ಧ ದಿನದ ಕೆಲಸ.

ಈಗ ಊಟದೊಡನೆ ಹೊಂದಿಸುವ ವಿಚಾರಕ್ಕೆ ಬರೋಣ. ಮದೀರಾ ಒಂದೇ ಬಗೆಯದಲ್ಲ. ಹೆಸರಾಂತ ನಾಲ್ಕು ಬಿಳಿ ದ್ರಾಕ್ಷಿಗಳಿಂದ ನಾಲ್ಕು ಬಗೆಯ ರಸ. ಸೆರ್ಸಿಯಾಲ್ ಒಣರುಚಿಯದು, ವೆರ್ದೆಲ್ಯೊ ಅದಕ್ಕಿಂತ ಸ್ವಲ್ಪ ಮೃದು, ಬೊವಾಲ್ ನಡುಸಿಹಿಯದು, ಮಾಲ್ವಾಸಿಯಾ ತುಂಬ ಸಿಹಿ. ಊಟಕ್ಕೆ ಮುಂಚೆ, ತಿಳಿಸಾರಿನ ಜೊತೆ ಮೊದಲೆರಡು. ಊಟವಾದ ಮೇಲೆ ಕಡೆಯೆರಡು. ನಡುಸಿಹಿಯ ಬೊವಾಲಿಗೆ ಒಪ್ಪುವ ಜೊತೆಗಳೆಂದರೆ ಗಟ್ಟಿ ಚೀಸು, ಅಕ್ರೋಟು, ಬಾದಾಮಿ, ಅಂಜೂರ, ಒಣದ್ರಾಕ್ಷಿ, ಬೆಣ್ಣೆಯ ಕೇಕು. ‘ಮದೀರಾ ಕೇಕು’ ಎಂದೇ ಹೆಸರಾದ ತಿನಿಸೊಂದಿದೆ. ಅದರಲ್ಲಿ ಮದ್ಯದ ತೊಟ್ಟೂ ಇಲ್ಲ. ಇಂಗ್ಲಿಷರು ಮದೀರಾದ ಜೊತೆ ಅದನ್ನು ತಿನ್ನುತ್ತಿದ್ದುದರಿಂದ ಆ ಹೆಸರು ಬಂತು.

ಈ ಹೊಂದಾಣಿಕೆಯ ಗುಟ್ಟು ನಮ್ಮ ಅಡುಗೆಮನೆಗೆ ಅಪರಿಚಿತವಲ್ಲ. ಆ ದ್ವೀಪದ ದ್ರಾಕ್ಷಿಯಲ್ಲಿ ಹುಳಿ ಜೋರು. ಸಿಹಿಯನ್ನು ಆ ಹುಳಿ ಹತೋಟಿಯಲ್ಲಿಡುತ್ತದೆ. ಹುಳಿಯ ಮೊನೆಯನ್ನು ಸಿಹಿ ಮೊಂಡು ಮಾಡುತ್ತದೆ. ಸಾರಿಗೆ ಹುಣಿಸೆ ಹಿಂಡಿ, ಮೇಲೊಂದು ಚೂರು ಬೆಲ್ಲ ಹಾಕುವ ನಮ್ಮ ತಾಯಂದಿರು ಮಾಡುವುದೂ ಇದನ್ನೇ.

ಸಾರು ಎಂದಾಗ ಒಂದು ವಿನೋದ ನೆನಪಾಗುತ್ತದೆ. ಮದರಾಸು ಆಧಿಪತ್ಯದ ಇಂಗ್ಲಿಷರು ತಮಿಳರ ಮಿಳಗುತಣ್ಣೀರನ್ನು, ಎಂದರೆ ನಮ್ಮ ಮೆಣಸಿನ ಸಾರನ್ನು, ಮಾಂಸ ಬೆರೆಸಿ ‘ಮಲ್ಲಿಗಟಾನಿ’ ಮಾಡಿಕೊಂಡರು. ಅದನ್ನು ಎಷ್ಟು ಸುರಿದುಕೊಂಡರೆಂದರೆ, ಬಂಗಾಳ, ಬೊಂಬಾಯಿಗಳ ಅಧಿಕಾರಿಗಳು ಮದರಾಸಿನವರನ್ನು ‘ಮಲ್’ಗಳು ಎಂದೇ ಹಾಸ್ಯ ಮಾಡುತ್ತಿದ್ದರು. ಬಳ್ಳಾರಿಯ ದೊರೆಯೂ ಒಬ್ಬ ಮಲ್. ಅವನ ಮೇಜಿನ ಮೇಲೆ ಒಂದು ಕಡೆ ಪೋರ್ಚುಗಲ್ಲಿನ ರಸ, ಇನ್ನೊಂದು ಕಡೆ ದಕ್ಷಿಣದ ಮೆಣಸಿನ ಸಾರು. ಸಾರಿನ ಬೆಚ್ಚನೆಯ ಖಾರಕ್ಕೆ ಇಷ್ಟು ಸಿಹಿ, ಇಷ್ಟು ಹುಳಿ ಒಪ್ಪುತ್ತದೆ. ಹಸಿ ಮೆಣಸಿನಕಾಯಿಯ ಉರಿಗೆ ಮಾತ್ರ ಮದೀರಾ ಮದ್ದಲ್ಲ. ಶೇಕಡ 17ರಿಂದ 20ರಷ್ಟು ಮದ್ಯಸಾರವಿರುವ ರಸ ನಾಲಗೆಯ ಉರಿಯನ್ನು ಹೆಚ್ಚಿಸುತ್ತದೆ. ಖಾರದ ಊಟಕ್ಕೆ ದ್ರಾಕ್ಷಾರಸವೇ ಬೇಕೆನ್ನುವವರು ಮದ್ಯಸಾರ ಕಡಿಮೆಯಿರುವ, ತಂಪಾದ ನಡುಸಿಹಿಯ ಬಿಳಿ ರಸವನ್ನು ಆರಿಸಬೇಕೆಂದು ಬಲ್ಲವರು ಹೇಳುವುದು ಇದಕ್ಕೇ. ನಮ್ಮ ರೈತನಿಗೆ ಈ ಗೊಂದಲವೇ ಇಲ್ಲ. ಅವನ ಪಕ್ಕದಲ್ಲಿ ಮಜ್ಜಿಗೆಯಿದೆ. ಖಾರದ ಸತ್ವ ನೀರಿಗೆ ಬಗ್ಗದು. ಹಾಲು ಮಜ್ಜಿಗೆಗಳ ಅಂಶಕ್ಕೆ ಬಗ್ಗುತ್ತದೆ. ಜೋಳದ ರೊಟ್ಟಿ, ಕೆಂಪು ಖಾರ, ಮಜ್ಜಿಗೆ: ಇದಕ್ಕಿಂತ ಒಳ್ಳೆಯ ಹೊಂದಾಣಿಕೆಯನ್ನು ಯಾವ ಫುಂಚಾಲಿನ ಪಂಡಿತನೂ ಹೇಳಿಕೊಟ್ಟಾನೆಂದು ತೋರುವುದಿಲ್ಲ.

ಮೇಜಿನ ಆಚೆ

ಆದರೆ ಆ ಮೇಜಿನ ಖರ್ಚು ಎಲ್ಲಿಂದ ಬಂತು? ದಂಡಿನ ಸಂಬಳ ಹುಟ್ಟಿದ್ದು ಮುಖ್ಯವಾಗಿ ಭೂಕಂದಾಯದಲ್ಲಿ. 1800ರಿಂದ 1807ರವರೆಗೆ ದತ್ತಮಂಡಲದ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಡೇರೆ ಹೂಡಿ ಹಳ್ಳಿಹಳ್ಳಿ ತಿರುಗಿದವನು. ರೈತವಾರಿ ಪದ್ಧತಿಯನ್ನು ಇಲ್ಲಿ ಬಿತ್ತಿದವನೂ ಅವನೇ. ಕಂದಾಯ ಭಾರವಾಗಿದೆ, ಶೇಕಡ 25ರಷ್ಟು ಇಳಿಸಬೇಕು ಎಂದು ಅವನು 1807ರಲ್ಲಿ ಸೂಚಿಸಿದ. ಮೇಲಿನವರು ಕಿವಿಗೊಡಲಿಲ್ಲ. 1820ರಲ್ಲಿ ಅವನೇ ಮದರಾಸಿನ ಗವರ್ನರನಾದ ಮೇಲೆ ಆ ರಿಯಾಯಿತಿ ಕೈಗೂಡಿತು. ನಡುವಿನ ಹದಿಮೂರು ವರ್ಷಗಳಲ್ಲಿ ಕುರುಗೋಡು, ಸಿರುಗುಪ್ಪಗಳ ಕಪ್ಪುನೆಲದ ರೈತ ತೆತ್ತದ್ದರಲ್ಲಿ ಒಂದು ಪಾಲು ದಂಡಿನ ಸೀಸೆಗಳಲ್ಲೂ ಮಿನುಗಿರಬೇಕು.

ದ್ರಾಕ್ಷಾರಸಕ್ಕೆ ಬಳ್ಳಾರಿಯಲ್ಲಿ ಇನ್ನೊಂದು ಮುಖವೂ ಇತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದ. 1831ರ ಹೊತ್ತಿಗೆ ಅದು ಪೂರ್ಣವಾಗಿ ಅಚ್ಚಾಯಿತು. ಕನ್ನಡ ಬೈಬಲಿನಲ್ಲಿ ‘ದ್ರಾಕ್ಷಾರಸ’ ಎಂಬ ಮಾತು ಇಂದಿಗೂ ನಿಂತಿದೆ. ದಂಡಿನ ಮೇಜಿನಲ್ಲಿ ವಿಲಾಸವಾದದ್ದು ದೇವಾಲಯದಲ್ಲಿ ಸಂಸ್ಕಾರವಾಯಿತು. ಅಷ್ಟರ ಮಟ್ಟಿಗೆ ಅದು ಕನ್ನಡದ ನಾಲಗೆಯ ಮೇಲೆ ಉಳಿಯಿತು.

ಮದೀರಾದ ವೈಭವ ಬಹುಕಾಲ ನಿಲ್ಲಲಿಲ್ಲ. ಇಂಗ್ಲಿಷರ ಅಭಿರುಚಿ ಶೆರ್ರಿಗೂ ಬಿಯರಿಗೂ ತಿರುಗಿತು. 1850ರ ದಶಕದ ಆರಂಭದಲ್ಲಿ ಬೂದಿರೋಗ, 1872ರಲ್ಲಿ ಬೇರು ತಿನ್ನುವ ಫಿಲಾಕ್ಸೆರಾ ಹುಳು ದ್ವೀಪದ ಬಳ್ಳಿಗಳನ್ನು ಹಾಳುಗೆಡವಿದವು. ಎರಡರ ನಡುವೆ, 1869ರಲ್ಲಿ, ಸುಯೆಜ್ ಕಾಲುವೆ ತೆರೆಯಿತು. ಭಾರತದ ಹಡಗು ಮದೀರಾವನ್ನು ಬಳಸಿ ಬರುವ ಅಗತ್ಯವೇ ತಪ್ಪಿತು. ಯಾವ ದಾರಿ ಆ ರಸವನ್ನು ಹಣ್ಣು ಮಾಡಿತ್ತೋ ಆ ದಾರಿಯೇ ಬರಿದಾಯಿತು. ಮುಂದೆ ರೈಲು ಬಂದು ಬಳ್ಳಾರಿಯನ್ನು ಹುಬ್ಬಳ್ಳಿ, ಲೋಂಡಾಗಳ ಮೂಲಕ ಪೋರ್ಚುಗೀಸರ ಮುರಗಾಂವ್ ಬಂದರಿಗೇ ಜೋಡಿಸಿತು. ಈ ಕಡೆಯ ಹತ್ತಿ ಆ ದಾರಿಯಲ್ಲಿ ಹೋಯಿತು. ಆ ಕಡೆಯ ಮದ್ಯದ ರುಚಿ ಮಾತ್ರ ಈ ಕಡೆ ಹಬ್ಬಲಿಲ್ಲ.

ಅಷ್ಟರಲ್ಲಿ 1876–78ರ ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮ. ಬಳ್ಳಾರಿ ಜಿಲ್ಲೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಜನ ಇಲ್ಲವಾದರು. 1877ರ ಜನವರಿ 1ರಂದು ದಿಲ್ಲಿಯಲ್ಲಿ ವೈಸರಾಯ್ ಲಿಟ್ಟನ್ ದರ್ಬಾರು ನಡೆಸಿ, ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರಿದ, ಔತಣಗಳು ನಡೆದವು. ಅದೇ ತಿಂಗಳು ಮದರಾಸು ಆಧಿಪತ್ಯಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಕ್ಷಾಮದ ಕಾಮಗಾರಿಗಳಲ್ಲಿ ಕಲ್ಲು ಹೊರುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂಬ ಗೊತ್ತುಪಾಡು ಮಾಡಿದ. ಇದು ಬದುಕಲು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಪ್ರತಿಭಟಿಸಬೇಕಾಯಿತು. ಯಾವ ಊಟಕ್ಕೆ ಯಾವ ರಸ ಎಂಬ ಪ್ರಶ್ನೆ ಒಂದು ಮೇಜಿನದಾದರೆ, ಊಟವೇ ಉಂಟೋ ಇಲ್ಲವೋ ಎಂಬ ಪ್ರಶ್ನೆ ಇನ್ನೊಂದು ಮಗ್ಗುಲಿನದು. ಚರಿತ್ರೆ ಎರಡನ್ನೂ ಬರೆದುಕೊಳ್ಳಬೇಕು.

ಉಳಿದದ್ದು

ಸ್ವಾತಂತ್ರ್ಯ ಬಂದ ಮೇಲೆ, 1948ರ ಅಕ್ಟೋಬರ್ 2ರ ಹೊತ್ತಿಗೆ, ಮದರಾಸು ಪ್ರಾಂತವಿಡೀ ಪಾನನಿರೋಧದ ಅಡಿಗೆ ಬಂತು. ಬಳ್ಳಾರಿಯೂ ಅದರಲ್ಲಿ ಸೇರಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. 1967ರಲ್ಲಿ ರಾಜ್ಯ ಪಾನನಿರೋಧವನ್ನು ತೆಗೆಯಿತು. 2007ರಲ್ಲಿ ಕರ್ನಾಟಕ ಸರಕಾರ ದ್ರಾಕ್ಷಾರಸಕ್ಕೇ ಒಂದು ನೀತಿಯನ್ನು ರೂಪಿಸಿತು. ಈಗ ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಹಂಪಿಯ ಬೆಟ್ಟಗಳ ಹೆಸರು ಹೊತ್ತ ದ್ರಾಕ್ಷಿತೋಟವಿದೆ. ಅದರ ರಸ ಸೀಸೆಗೆ ಇಳಿಯುತ್ತದೆ. ಪಾಯಿಸ್ ಕಂಡ ಗೊಂಚಲು ಐನೂರು ವರ್ಷಗಳ ಮೇಲೆ ಪೀಪಾಯಿಗೆ ಬಂದಿತೆನ್ನಬಹುದು. ಆದರೂ ಬಳ್ಳಾರಿಯ ಸಾಮಾನ್ಯ ಮನೆಯ ಊಟಕ್ಕೂ ಅದಕ್ಕೂ ಇನ್ನೂ ನಂಟು ಬೆಳೆದಿಲ್ಲ.

ಮೆಣಸಿನಕಾಯಿಯ ಮಾತು ಹಾಗಲ್ಲ. ಮದೀರಾಕ್ಕೆ ಪೀಪಾಯಿ ಬೇಕು, ಹಡಗು ಬೇಕು, ಆಬ್ದಾರ ಬೇಕು, ಅದನ್ನು ಮೆಚ್ಚಲು ಕಲಿತ ನಾಲಗೆ ಬೇಕು. ಮೆಣಸಿನಕಾಯಿಗೆ ಒಂದು ಹಿಡಿ ಬೀಜ, ಒಂದು ತುಂಡು ನೆಲ, ಒಂದಿಷ್ಟು ಬಿಸಿಲು ಸಾಕು. ದುಬಾರಿ ಕರಿಮೆಣಸನ್ನು ಕೊಳ್ಳಲಾಗದ ಬಡವನೂ ಇದನ್ನು ಹಿತ್ತಿಲಲ್ಲಿ ಬೆಳೆದ. ಒಣರೊಟ್ಟಿಗೆ ಅದು ರುಚಿಯನ್ನು ಕೊಟ್ಟಿತು. ಸೇರಿಸಿಕೊಂಡವರು ದೊರೆಗಳಲ್ಲ, ಒಲೆಯ ಮುಂದೆ ಕುಳಿತ ಹೆಂಗಸರು.

ಇಂದು ತುಂಗಭದ್ರೆಯ ಕಾಲುವೆ ನೀರಿನಲ್ಲಿ ಸಿರುಗುಪ್ಪ ಭತ್ತಕ್ಕೆ ಹೆಸರಾಗಿದೆ. ಕುರುಗೋಡಿನ ಕಡೆ ಸುಗ್ಗಿಯಲ್ಲಿ ಮೆಣಸಿನಕಾಯಿಯ ಕಣಗಳು ಕೆಂಪು ಜಮಖಾನೆ ಹಾಸಿದಂತೆ ಕಾಣುತ್ತವೆ. ಬಳ್ಳಾರಿಯ ಬೆಳಗಿನ ಹೋಟೆಲುಗಳಲ್ಲಿ ಮಂಡಕ್ಕಿಯ ಒಗ್ಗರಣೆಗೆ ಮಿರ್ಚಿಯೇ ಜೊತೆ. ಆದರೆ ಈ ಬೆಳೆಯ ರೈತನ ಬಾಳು ಸಿಹಿಯೆಂದಲ್ಲ. 2024ರ ಮಾರ್ಚಿಯಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಲೆ ಕುಸಿದಾಗ ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿಯಿಟ್ಟ ಸುದ್ದಿಯನ್ನು ಓದಿದ್ದೇವೆ. ಮೇಜಿನ ಮೇಲೆ ರುಚಿಯಾಗಿ ಕಾಣುವುದು ಹೊಲದಲ್ಲಿ ಸಾಲವಾಗಿರುವುದುಂಟು. ಮನ್ರೋನ ಕಾಲದ ಪ್ರಶ್ನೆ ಬೇರೊಂದು ವೇಷದಲ್ಲಿ ಇನ್ನೂ ನಮ್ಮ ಮುಂದೆ ನಿಂತಿದೆ.

ಬಿಸಿಲು ಇಳಿದ ಮೇಲೆ ಕಣದಿಂದ ಮನೆಗೆ ಬಂದ ರೈತ ಹಿತ್ತಿಲ ಪೀಪಾಯಿಯಿಂದ ತಂಬಿಗೆ ನೀರೆತ್ತಿ ಕೈ ತೊಳೆಯುತ್ತಾನೆ. ಬೆರಳ ಸಂದಿಯ ಉರಿ ಅಷ್ಟು ಬೇಗ ಹೋಗುವುದಿಲ್ಲ. ಪೀಪಾಯಿಯ ಹೆಸರು ಎಲ್ಲಿಂದ ಬಂತು, ಕೈಯ ಉರಿ ಎಲ್ಲಿಂದ ಬಂತು ಎಂದು ಅವನು ಕೇಳುವುದೂ ಇಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ, ಮಜ್ಜಿಗೆ ಕಡೆದಿಟ್ಟಿದ್ದಾರೆ.